ಖಾಲಿ ಕಾರ್ಟನ್

ಒಂಬತ್ತು ವಾರ. ಬಂದದ್ದು ನಲವತ್ತು, ಹೋದದ್ದು ಏಳು.
ಏಳರಲ್ಲಿ ಒಂದು ಮರುದಿನವೇ ವಾಪಸು,
ಹುಡುಗನಿಗೆ ನೀಲಿ ಬೇಕಿತ್ತಂತೆ.

ಹವಲ್ಲಿಯ ಈ ಬೀದಿಯಲ್ಲಿ ಮಧ್ಯಾಹ್ನ ಒಂದಕ್ಕೆ
ಅಂಗಡಿಗಳೆಲ್ಲ ಶಟರು ಅರ್ಧ ಇಳಿಸಿ ತೂಕಡಿಸುತ್ತವೆ.
ಆಗ ನಮ್ಮ ಚರ್ಚೆ ಶುರು.
ಹೊರಗೆ ನಲವತ್ತೆಂಟು ಡಿಗ್ರಿ. ಒಳಗೆ
ಝೆಫಿರ್ ಕನ್ಸೋಲು, ನೂರ ಎಂಬತ್ತೊಂಬತ್ತು ದಿನಾರು.

"ಬೆಲೆಯೇ" ಅನ್ನುತ್ತಾನೆ ಮ್ಯಾನೇಜರ್ ಹಾಝಿಂ,
ಕ್ಯಾಲ್ಕುಲೇಟರನ್ನು ಜಪಮಣಿಯ ಹಾಗೆ ಒತ್ತುತ್ತ.
"ಇಪ್ಪತ್ತು ಇಳಿಸಲಿ, ಬಾಗಿಲಿಗೆ ಸಾಲು ನಿಲ್ಲುತ್ತದೆ."
ರೊವೆನಾ ನಗುತ್ತಾಳೆ: "ಇರುವುದೇ ಎರಡು ಆಟ!
ಒಂದರಲ್ಲಿ ಕಾರು,
ಇನ್ನೊಂದರಲ್ಲಿ ಅದೇ ಕಾರು, ರಾತ್ರಿ ಹೊತ್ತು.
ತಟ್ಟೆ ಇಟ್ಟು ಅನ್ನ ಬೆಂದಿಲ್ಲ ಅಂದರೆ
ಯಾರು ಕೂರುತ್ತಾರೆ ಕೈ ತೊಳೆದು?"
ಡ್ರೈವರ್ ಮುಕರ್ರಮ್‌ಗೆ ಇದೆಲ್ಲ ಹವಾಮಾನ:
"ಜುಲೈ ತಿಂಗಳು. ಇವರೆಲ್ಲ ಲಂಡನ್ನಿನಲ್ಲಿ,
ಸ್ಕೂಲು ಟೀಚರುಗಳು ಅಮ್ಮಾನಿನಲ್ಲಿ.
ಆಡುವುದಕ್ಕೆ ಉಳಿದವು ಬೀದಿಯ ಬೆಕ್ಕುಗಳು."
ಮಾಲೀಕ ಅಬು ತಲಾಲ್ ಫೋನಿನಲ್ಲಿ ಎಲ್ಲ ಕೇಳಿ
ಒಂದೇ ಮಾತು, "ಸಬರ್",
ಇಟ್ಟುಬಿಡುತ್ತಾರೆ.

ನನ್ನನ್ನು ಯಾರೂ ಕೇಳಲಿಲ್ಲ.
ನಾನು ಗೋಡೌನಿನವನು, ಎಣಿಸುವವನು.
ಕೇಳಿದ್ದರೆ ಹೇಳುತ್ತಿದ್ದೆ:
ಹಳೆಯದು ಇನ್ನೂ ಕೆಟ್ಟಿಲ್ಲ, ಅಷ್ಟೇ.
ಫ್ರೀ ವೀಸಾದಲ್ಲಿ ಬಂದ ಹೊಸತು ನಾನೂ
ಮೂರು ತಿಂಗಳು ಬಾವನ ರೂಮಿನ ಮೇಲಿನ ಮಂಚದಲ್ಲಿ
ಇಸ್ತ್ರಿಯ ಗೆರೆ ಮುರಿಯದ ಹಾಗೆ ಕೂತಿದ್ದೆ.
ಯಾರೋ ಬರುವರು, ಮೇಲೆ ಕೆಳಗೆ ನೋಡುವರು,
ಏನೆಲ್ಲ ಬರುತ್ತದೆ ಎಂದು ಕೇಳುವರು,
ಇನ್‌ಶಾ ಅಲ್ಲಾ ಎಂದು ಎದ್ದು ಹೋಗುವರು.
ರಾತ್ರಿ ದೀಪ ಆರಿದ ಮೇಲೆ ಕೆಳಗಿನ ಮಂಚಗಳಲ್ಲಿ ಚರ್ಚೆ:
ಇಂಗ್ಲಿಷ್ ಸಾಲದು, ಲೈಸೆನ್ಸಿಲ್ಲ, ಸೀಸನ್ನು ಸರಿಯಿಲ್ಲ.
ನಿದ್ದೆ ಬಂದವನ ಹಾಗೆ ಉಸಿರಾಡುತ್ತಿದ್ದೆ.

ನಿಜವಾದ ಅವಸರ ಇದ್ದದ್ದು ಇದ್ದಿನಬ್ಬ ಕಾಕನಿಗೆ.
ಹಿಂದಿನ ಗಲ್ಲಿಯ ಮೆಸ್ಸಿನಲ್ಲಿ
ಇಪ್ಪತ್ತಾರು ವರ್ಷ ಮೀನು ಕೊಯ್ದವರು,
ಕ್ಯಾನ್ಸಲ್ ಮಾಡಿ ಹೊರಟಿದ್ದಾರೆ, ಇನ್ನು ಬರುವುದಿಲ್ಲ.
ದಿನಾ ಅಸರ್ ನಮಾಜು ಮುಗಿಸಿ
ಶಟರಿನಡಿ ಬಗ್ಗಿ ಕೇಳುವರು:
"ಹೋಯಿತಾ ಮಾರಾಯಾ, ಇವತ್ತಾದರೂ?"
ಅವರಿಗೆ ಆಟ ಬೇಡ, ಬೇಕಾದದ್ದು ಕಾರ್ಟನ್,
ನಾಲ್ಕು ಝೆಫಿರ್ ಹಿಡಿಯುವ ದೊಡ್ಡದು, ಖಾಲಿ.
ಎರಡು ಪದರದ ರಟ್ಟು, ಗಟ್ಟಿ ಮೂಲೆ.
"ಇಂಥದ್ದು ಈಗ ಟೀವಿಗೂ ಬರುವುದಿಲ್ಲ."
ಮೊದಲನೆಯದನ್ನು ರೊವೆನಾ ಆಗಲೇ
ಊರಿಗೆ ಸಾಬೂನು ತುಂಬಿ ಕಳಿಸಿದ್ದಳು.
ಎರಡನೆಯದರ ತಳದಲ್ಲಿ ಇನ್ನೂ ಎರಡು,
ಒಂದು ಆ ನೀಲಿಯಲ್ಲದ್ದು.
ಜಪಾನಿನಲ್ಲೋ ಎಲ್ಲೋ ಇದನ್ನು ಮಾಡಿದವರಿಗೂ
ಇಷ್ಟು ಮನಸಾರೆ ಹರಸುವವರು ಸಿಕ್ಕಿರಲಾರರು.

ಬುಧವಾರ ಟಿಕೇಟು. ಮಂಗಳವಾರ ರಾತ್ರಿ
ಆ ಎರಡನ್ನೂ ಎತ್ತಿ ನೆಲದ ಮೇಲಿಟ್ಟೆ.
ಕಾಕ ಕಾರ್ಟನ್ನನ್ನು ತಲೆಗೆ ಬೋರಲು ಹಾಕಿಕೊಂಡು
ಬಿಸಿಗಾಳಿಯಲ್ಲಿ ಬೀದಿ ದಾಟಿದರು,
ಕಾಲೆರಡು ಬಂದ ಪೆಟ್ಟಿಗೆ, ಹಾರ್ನುಗಳ ನಡುವೆ.

ಈಗ ಅದರೊಳಗೆ ಹಾಲಿನ ಪುಡಿ, ಟ್ಯಾಂಗು, ಎರಡು ಕಂಬಳಿ,
ಕೊಡಲಿ ಗುರುತಿನ ಎಣ್ಣೆ, ಸವೆದು ಬೆರಳಷ್ಟಾದ ಮೀನಿನ ಕತ್ತಿ.
ಹಗ್ಗ ಸುತ್ತಿ ಸುತ್ತಿ ಝೆಫಿರ್ ಎಂಬುದು ತುಂಡಾಗಿ,
ಅದರ ಮೇಲೆ ಮಾರ್ಕರಿನಲ್ಲಿ: ಇದ್ದಿನಬ್ಬ, ದೇರಳಕಟ್ಟೆ.
ಬಜಪೆಯ ಬೆಲ್ಟಿನಲ್ಲಿ ಅದು ತಿರುಗಿ ಬರುವಾಗ
ಯಾರ ಮಗುವೋ ಬೆರಳು ತೋರಿಸಿ ಅಂದೀತು,
"ಅಲ್ಲಿ ನೋಡು, ಹೊಸತು! ಬಂತು!"

ಬೆಳಿಗ್ಗೆ ಹಾಝಿಂ ಸ್ಟಾಕು ಕೇಳಿದ.
ಮೂವತ್ತನಾಲ್ಕು, ಅಂದೆ.
ಕಾರ್ಟನ್?
ಎಂಟು.
ಒತ್ತಿದ, ಗುಣಿಸಿದ, ಹುಬ್ಬು ಮೇಲೇರಿಸಿ
ಆ ಎರಡರ ಮನೆ ಎಲ್ಲಿ ಎಂದು ಕೇಳಿದ.
ಸಬರ್, ಅಂದೆ.